ಹಡಗಿದೆ, ಹಕ್ಕಿ ಎಲ್ಲಿ?

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮೂರು ಹುಲಿಕೆರೆ. ಹಳೇಬೀಡಿಗೆ ಬರೋ ಜನ ದೇವಸ್ಥಾನ ನೋಡಿ, ಎಳನೀರು ಕುಡಿದು, ಬೇಲೂರಿನ ಬಸ್ಸು ಹತ್ತಿಬಿಡ್ತಾರೆ. ಇಲ್ಲೇ ಪಕ್ಕದಲ್ಲಿ ಹೊಯ್ಸಳರ ಕಾಲದ ಒಂದು ಕೊಳ ಇದೆ, ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ ಅಂತ ಅವರಿಗೆ ಹೇಳೋರೂ ಇಲ್ಲ. ಇರಲಿ, ಅದು ಬೇರೆ ಪುರಾಣ.

ದೊಡ್ಡಮ್ಮನ ಮೊಮ್ಮಗ ನೌಕಾಪಡೆ ಸೇರಿದ್ದಾನೆ. ನಮ್ಮ ವಂಶದಲ್ಲಿ ಕೆರೆಗಿಂತ ದೊಡ್ಡ ನೀರಿನ ಮೇಲೆ ಕೆಲಸಕ್ಕೆ ಹೋದ ಮೊದಲನೆಯವನು ಅವನೇ! ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿದರು:

"ಅಲ್ಲ ಕಣಪ್ಪಾ, ಹುಡುಗ ಹಡಗಿಂದ ನೀರಿಗೆ ಬಿದ್ರೆ ಎತ್ತೋರು ಯಾರು?"

"ಹಡಗಿನ ಮೇಲೆ ಹೆಲಿಕಾಪ್ಟರ್ ಇರುತ್ತೆ ದೊಡ್ಡಮ್ಮ, ಹಾರಿಹೋಗಿ ಎತ್ತುತ್ತೆ."

"ಎಲ್ಲಾ ಹಡಗಿನ ಮೇಲೂ ಇರ್ತದಾ?"

ನಾನು ಸುಮ್ಮನಾದೆ. ಆ ಸುಮ್ಮನಾಗಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಈ ಬರಹ.

ಯಾಕೆ ಈ ವಿಷಯ ಅಂದ್ರೆ, ನಮ್ಮ ಬ್ಲಾಗು ಮಿತ್ರರಲ್ಲಿ ಕೆಲವರು ಭಾರತಕ್ಕೆ ಮೂರನೇ ವಿಮಾನವಾಹಕ ನೌಕೆ ಬೇಕೋ ಬೇಡವೋ ಅಂತ ಕಚ್ಚಾಡುತ್ತಿದ್ದಾರೆ. ಒಬ್ಬರು ಚೀನಾ ಲೆಕ್ಕ ಕೊಡ್ತಾರೆ, ಇನ್ನೊಬ್ಬರು ಬಡತನದ ಲೆಕ್ಕ ಕೊಡ್ತಾರೆ. ಮಧ್ಯದಲ್ಲಿ ಯಾರೋ ಒಬ್ಬರು "ಯೂರೋಪಿನವರ ಹಾಗೆ ಬರೀ ಹೆಲಿಕಾಪ್ಟರ್ ಹೊತ್ತು ತಿರುಗೋ ಹಡಗು ನಮಗ್ಯಾಕೆ? ಅದು ಬಡವರ ವಿಮಾನವಾಹಕ" ಅಂತ ಗೇಲಿ ಮಾಡಿದ್ದರು. ಅದನ್ನು ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಸ್ವಾಮಿ, ಆ "ಬಡವರ ವಿಮಾನವಾಹಕ"ವನ್ನೇ ನಾವು ಮೂವತ್ತು ವರ್ಷ ಹೆಮ್ಮೆಯಿಂದ ಓಡಿಸಿದ್ದು! ಐಎನ್‌ಎಸ್ ವಿರಾಟ್ ಹೆಸರು ಮರೆತುಹೋಯಿತಾ?

ವಿರಾಟ್ ಮೊದಲು ಬ್ರಿಟಿಷರ ಎಚ್‌ಎಂಎಸ್ ಹರ್ಮಿಸ್ ಆಗಿತ್ತು. 1944ರಲ್ಲಿ ಕಟ್ಟೋಕೆ ಶುರು ಮಾಡಿ, ಕುಂಟುತ್ತಾ ಕುಂಟುತ್ತಾ 1959ರಲ್ಲಿ ಸೇವೆಗೆ ಬಂತು. 1970ರ ದಶಕದ ಆರಂಭದಲ್ಲಿ ಬ್ರಿಟಿಷರ ಹತ್ತಿರ ದುಡ್ಡು ಕಮ್ಮಿಯಾಯಿತು. ಯುದ್ಧವಿಮಾನಗಳನ್ನು ಇಳಿಸಿ, ಹೆಲಿಕಾಪ್ಟರ್‌ಗಳನ್ನೂ ಕಮಾಂಡೋಗಳನ್ನೂ ಹೊರುವ ಹಡಗನ್ನಾಗಿ ಅದನ್ನು ಮಾರ್ಪಡಿಸಿದರು. ಆಮೇಲೆ ಜಲಾಂತರ್ಗಾಮಿ ಬೇಟೆಗೆ ಸೀ ಕಿಂಗ್ ಹೆಲಿಕಾಪ್ಟರ್ ಹತ್ತಿಸಿದರು. ಹ್ಯಾರಿಯರ್ ವಿಮಾನ ಬಂದಮೇಲೆ ಮುಂದಕ್ಕೊಂದು ಇಳಿಜಾರು ಕಟ್ಟಿದರು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಧ್ವಜನೌಕೆ ಇದೇ. 1987ರ ಮೇ ತಿಂಗಳಲ್ಲಿ ನಮಗೆ ಬಂದು ವಿರಾಟ್ ಆಯಿತು, 2017ರ ಮಾರ್ಚ್ 6ಕ್ಕೆ ನಿವೃತ್ತಿ, 2020ರಲ್ಲಿ ಗುಜರಾತಿನ ಅಲಂಗ್‌ನ ಗುಜರಿಗೆ. ಹೀಗಾಗಿ ಯೂರೋಪಿನ ಹೆಲಿಕಾಪ್ಟರ್ ಹಡಗು ನಮಗೆ ದೂರದ ಮಾತಲ್ಲ, ನಮ್ಮ ಮನೆಯಲ್ಲೇ ಇದ್ದು ಸತ್ತ ಅಜ್ಜ ಅದು.

ಈಗ ವಿಷಯಕ್ಕೆ ಬರ್ತೀನಿ. ಹಡಗಿಗೆ ಹೆಲಿಕಾಪ್ಟರ್ ಯಾಕೆ ಬೇಕು? ನೀರಿಗೆ ಬಿದ್ದವನನ್ನು ಎತ್ತೋದು ಒಂದು. ಅದಕ್ಕಿಂತ ದೊಡ್ಡದು ಜಲಾಂತರ್ಗಾಮಿ. ಬೇಸಿಗೆಯಲ್ಲಿ ಕೆರೆಗೆ ಇಳಿದವರಿಗೆ ಗೊತ್ತು - ಎದೆಯ ಮಟ್ಟದ ನೀರು ಬೆಚ್ಚಗಿರುತ್ತೆ, ಕಾಲಿನ ಹತ್ತಿರ ಜುಮ್ ಅನ್ನೋ ತಣ್ಣೀರು. ಸಮುದ್ರದಲ್ಲೂ ಹೀಗೇ ಪದರ ಪದರ. ಹಡಗಿನ ತಳದಲ್ಲಿರುವ ಸೋನಾರ್ ಬಿಡುವ ಶಬ್ದ ಬೆಚ್ಚನೆ ಪದರ ದಾಟುವಾಗ ಬಾಗಿಬಿಡುತ್ತೆ. ಆ ಗಡಿಯ ಕೆಳಗೆ ಬಂದು ಕೂತ ಜಲಾಂತರ್ಗಾಮಿ, ಕಂಬಳಿ ಹೊದ್ದು ಮಲಗಿದ ಕಳ್ಳನ ಹಾಗೆ. ಹೆಲಿಕಾಪ್ಟರ್ ಏನು ಮಾಡುತ್ತೆ ಅಂದ್ರೆ, ಅಲ್ಲಿಗೇ ಹಾರಿಹೋಗಿ, ಗಾಳಿಯಲ್ಲಿ ನಿಂತು, ಬಾವಿಗೆ ಬಿಂದಿಗೆ ಇಳಿಸಿದ ಹಾಗೆ ಹಗ್ಗದಲ್ಲಿ ಸೋನಾರನ್ನು ಆ ಪದರದ ಕೆಳಕ್ಕೇ ಇಳಿಸುತ್ತೆ. ಕೇಳುತ್ತೆ. ಎತ್ತಿಕೊಂಡು ಇನ್ನೊಂದು ಕಡೆ ಹೋಗಿ ಮತ್ತೆ ಇಳಿಸುತ್ತೆ. ಸಿಕ್ಕಿದರೆ ಟಾರ್ಪೆಡೋ ಬಿಡುತ್ತೆ. ಕೆಳಗಿರುವ ಜಲಾಂತರ್ಗಾಮಿಗೆ ತಿರುಗಿ ಹೊಡೆಯೋಕೆ ಹೆಚ್ಚು ದಾರಿಯಿಲ್ಲ. ಹೆಲಿಕಾಪ್ಟರ್ ಇಲ್ಲದ ಹಡಗು ತಾನೇ ಹತ್ತಿರ ಹೋಗಿ ಹುಡುಕಬೇಕು. ಹುಡುಕೋದು ಅಂದ್ರೆ ಗುರಿಯಾಗೋದು ಅಂತಲೂ ಅರ್ಥ.

ಇದಕ್ಕೆ ನಾವು ಬೆಲೆ ಕೊಟ್ಟಿದ್ದೀವಿ. 1971ರ ಡಿಸೆಂಬರ್ 9ರ ರಾತ್ರಿ, ದಿಯು ಕರಾವಳಿಯ ಆಚೆ ಐಎನ್‌ಎಸ್ ಖುಕ್ರಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯನ್ನು ಹುಡುಕುತ್ತಿತ್ತು. ಹಂಗೋರ್ ಫ್ರಾನ್ಸ್‌ನಲ್ಲಿ ಕಟ್ಟಿದ್ದು. ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಚಿಕ್ಕ ಫ್ರಿಗೇಟ್, ಅದರ ಮೇಲೆ ಹೆಲಿಕಾಪ್ಟರ್ ಇಳಿಯೋಕೆ ಜಾಗವೇ ಇರಲಿಲ್ಲ. ಟಾರ್ಪೆಡೋ ಬಡಿಯಿತು, ಹಡಗು ಕೆಲವೇ ನಿಮಿಷದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನ ಜೊತೆಗೇ ಹೋದರು. ಹೆಲಿಕಾಪ್ಟರ್ ಇದ್ದಿದ್ದರೆ ಉಳೀತಿದ್ದರು ಅಂತ ಎದೆ ತಟ್ಟಿ ಹೇಳೋಕೆ ನಾನ್ಯಾರು? ಆದರೆ ಹಡಗು ಒಂಟಿಯಾಗಿ ಜಲಾಂತರ್ಗಾಮಿ ಹುಡುಕೋದು ಎಂಥ ಜೂಜು ಅನ್ನೋದಕ್ಕೆ ಆ 194 ಜನ ಸಾಕ್ಷಿ. ಮುಲ್ಲಾ ಅವರ ಬಗ್ಗೆ ಪ್ರತಿ ಡಿಸೆಂಬರ್‌ನಲ್ಲೂ ಬರೆದು ಕಣ್ಣೊರೆಸಿಕೊಳ್ಳುವ ನಾವು ಈ ಪಾಠದ ಬಗ್ಗೆ ಒಂದು ಸಾಲೂ ಬರೆಯಲ್ಲ.

ಯೂರೋಪಿನವರು ಈ ಪಾಠವನ್ನು ತುಂಬಾ ಮೊದಲೇ ಕಲಿತರು. ಅದೂ ಒಂದೇ ಏಟಿಗೆ ಕಲಿತಿದ್ದಲ್ಲ, ಎಡವಿ ಎಡವಿ ಕಲಿತದ್ದು. ಇಟಲಿಯವರು 1960ರ ದಶಕದಲ್ಲಿ ಆಂಡ್ರಿಯಾ ಡೋರಿಯಾ ಅಂತ ಹೆಲಿಕಾಪ್ಟರ್ ಕ್ರೂಸರ್ ಕಟ್ಟಿದರು, ಅದು ಚಿಕ್ಕದಾಯಿತು ಅಂತ 1969ರಲ್ಲಿ ವಿಟೋರಿಯೋ ವೆನೆಟೋ ತಂದರು. ಫ್ರೆಂಚರ ಜಾನ್ ದಾರ್ಕ್ 1964ರಿಂದ 2010ರವರೆಗೆ ಓಡಿತು. ಶಾಂತಿಕಾಲದಲ್ಲಿ ತರಬೇತಿ ಹಡಗು, ಯುದ್ಧ ಬಂದರೆ ಹೆಲಿಕಾಪ್ಟರ್ ಹಡಗು. ಬ್ರಿಟಿಷರು ಟೈಗರ್, ಬ್ಲೇಕ್ ಅನ್ನೋ ಹಳೇ ಕ್ರೂಸರ್‌ಗಳ ಹಿಂಭಾಗ ಕಿತ್ತು, ಅಲ್ಲಿ ಡಬ್ಬದಂಥ ಹ್ಯಾಂಗರ್ ಕೂರಿಸಿದರು. ಮುಂದೆ ಫಿರಂಗಿ, ಹಿಂದೆ ಕೋಳಿಗೂಡು! ಅಷ್ಟು ದೊಡ್ಡ ಹಡಗು, ನಾಲ್ಕೇ ನಾಲ್ಕು ಹೆಲಿಕಾಪ್ಟರ್. ಸ್ವಲ್ಪ ವರ್ಷಕ್ಕೇ ಎರಡನ್ನೂ ಮೂಲೆಗೆ ತಳ್ಳಿದರು. ಈಗ ಫ್ರೆಂಚರ ಹತ್ತಿರ ಮಿಸ್ತ್ರಾಲ್ ಮಾದರಿಯ ಮೂರು ಹಡಗಿವೆ. 199 ಮೀಟರ್ ಉದ್ದ, 16 ಭಾರೀ ಹೆಲಿಕಾಪ್ಟರ್ ಹಿಡಿಸುತ್ತೆ, ಒಳಗೆ 69 ಹಾಸಿಗೆಯ ಆಸ್ಪತ್ರೆ. ಅವುಗಳಲ್ಲೊಂದು ತೋನೇರ್, 2021ರಲ್ಲಿ ಕೊಚ್ಚಿಗೆ ಬಂದು ಹೋಯಿತು. ಸ್ಪೇನಿನ ಹುವಾನ್ ಕಾರ್ಲೋಸ್ 2010ರಲ್ಲಿ ಬಂತು, ಇಟಲಿಯ ತ್ರಿಯೆಸ್ತೆ 2024ರ ಕೊನೆಯಲ್ಲಿ.

ಇಲ್ಲಿ ಗಮನಿಸಬೇಕಾದ್ದು ಹಡಗಿನ ಉದ್ದವಲ್ಲ. ಅವರು ಹಡಗನ್ನೂ ಹೆಲಿಕಾಪ್ಟರನ್ನೂ ಒಂದೇ ಕುಟುಂಬ ಅಂತ ನೋಡಿದರು. ಬ್ರಿಟನ್ ಮತ್ತು ಫ್ರಾನ್ಸ್ 1967ರಲ್ಲಿ ಒಪ್ಪಂದ ಮಾಡಿಕೊಂಡು ಲಿಂಕ್ಸ್ ಹೆಲಿಕಾಪ್ಟರ್ ಮಾಡಿದರಲ್ಲ, ಅದರ ನೌಕಾ ಮಾದರಿಯ ರೆಕ್ಕೆ ಮಡಚುತ್ತೆ, ಬಾಲ ಮಡಚುತ್ತೆ, ಹೊಯ್ದಾಡೋ ಡೆಕ್ಕಿನ ಮೇಲೆ ಇಳಿದ ಕೂಡಲೇ ಒಂದು ಕೊಕ್ಕೆ ಕೆಳಗಿನ ಜಾಲರಿಯನ್ನು ಕಚ್ಚಿ ಹಿಡಿಯುತ್ತೆ. ಚಿಕ್ಕ ಫ್ರಿಗೇಟಿನ ಅಳತೆ ಮನಸ್ಸಿನಲ್ಲಿಟ್ಟೇ ಮಾಡಿದ್ದು. ಮದುವೆಗೆ ಮೊದಲು ಜಾತಕ ಕೂಡಿಸಿದ ಹಾಗೆ.

ನಾವು? ನಾವು ಮದುವೆ ಮಾಡಿ, ಊಟ ಹಾಕಿಸಿ, ಆಮೇಲೆ ಗಂಡು ಹುಡುಕ್ತೀವಿ.

ಈ ಮಾತು ಕಹಿ ಅನ್ನಿಸಿದರೆ ಲೆಕ್ಕ ನೋಡಿ. 2017ರಲ್ಲಿ ನೌಕಾಪಡೆ ತನಗೆ 123 ಬಹೂಪಯೋಗಿ ಹೆಲಿಕಾಪ್ಟರ್, 111 ಹಗುರ ಯುಟಿಲಿಟಿ ಹೆಲಿಕಾಪ್ಟರ್ ಬೇಕು ಅಂತ ಪ್ರಪಂಚದ ಕಂಪನಿಗಳನ್ನೆಲ್ಲ ಕೇಳಿತು. 123ರ ಜಾಗದಲ್ಲಿ 2020ರಲ್ಲಿ ಅಮೆರಿಕದಿಂದ 24 ಸೀಹಾಕ್ ಕೊಳ್ಳೋ ಒಪ್ಪಂದವಾಯಿತು. ಅವುಗಳ ಮೊದಲ ಸ್ಕ್ವಾಡ್ರನ್ 2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಶುರುವಾಯಿತು. ಒಳ್ಳೇ ಯಂತ್ರ, ಸಂತೋಷ. 111ರ ಕಥೆ? 2018ರ ಆಗಸ್ಟ್‌ನಲ್ಲಿ 21,000 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆಗೆ ರಕ್ಷಣಾ ಮಂತ್ರಾಲಯ ಒಪ್ಪಿಗೆ ಕೊಟ್ಟಿತು, ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬಂತು. ಆಮೇಲೆ ಏಳು ವರ್ಷ ಕಳೆದರೂ ಆ ಯೋಜನೆಯ ಒಂದು ಹೆಲಿಕಾಪ್ಟರೂ ಒಂದು ಹಡಗಿನ ಮೇಲೂ ಇಳಿಯಲಿಲ್ಲ. ಮಿಸ್ತ್ರಾಲ್‌ನಂಥ ನಾಲ್ಕು ದೊಡ್ಡ ಹಡಗು ಕಟ್ಟಿಸ್ತೀವಿ ಅಂತ 2013ರಲ್ಲಿ ಟೆಂಡರ್ ಕರೆದು, ವರ್ಷಗಟ್ಟಲೆ ಎಳೆದು, ಕೈಬಿಟ್ಟರು. 2021ರಲ್ಲಿ ಮತ್ತೆ ಮೊದಲಿಂದ ಮಾಹಿತಿ ಕೇಳಿದರು.

ಹಾಗಾದರೆ ನಮ್ಮ ಎಷ್ಟೋ ಹಡಗುಗಳ ಮೇಲೆ ಈಗ ಹಾರುತ್ತಿರೋದು ಏನು? ಚೇತಕ್.

ಚೇತಕ್ ಅಂದ್ರೆ ನಮ್ಮ ಬೆಂಗಳೂರಿನ ಕೂಸು. ಮೂಲ ಫ್ರೆಂಚರ ಅಲುಯೆಟ್-3, ಮೊದಲು ಹಾರಿದ್ದು 1959ರಲ್ಲಿ. 1962ರಲ್ಲಿ ಎಚ್‌ಎಎಲ್ ಪರವಾನಗಿ ಪಡೆಯಿತು, 1965ರಲ್ಲಿ ಬೆಂಗಳೂರಿನ ಚೇತಕ್ ಹಾರಿತು. ನಮ್ಮ ಚಿಕ್ಕಪ್ಪ ಒಬ್ಬರು ಬೆಂಗಳೂರಲ್ಲಿ ಫಿಟ್ಟರ್ ಆಗಿದ್ದರು, ಚೇತಕ್ ಭಾಗಗಳ ಮೇಲೆ ಕೈಯಾಡಿಸಿದವರು. ಹಬ್ಬಕ್ಕೆ ಊರಿಗೆ ಬಂದಾಗ ಜಗಲಿ ಮೇಲೆ ಕೂತು "ನಮ್ ಕೈಯಾಗೆ ಮಾಡಿದ್ದು ಸಮುದ್ರದ ಮೇಲೆ ಹಾರ್ತದೆ ಕಣ್ಲಾ" ಅಂತಿದ್ದರು. ಅವರು ನಿವೃತ್ತರಾದರು, ಮೊಮ್ಮಕ್ಕಳನ್ನು ಕಂಡರು, ತೀರಿಕೊಂಡೂ ಆಯಿತು. ಚೇತಕ್‌ಗೆ ಮಾತ್ರ ಇನ್ನೂ ನಿವೃತ್ತಿ ಇಲ್ಲ. ಒಂಟಿ ಎಂಜಿನ್ನಿನ ಯಂತ್ರ, ನೀರಿನ ಮೇಲೆ ಎಂಜಿನ್ ನಿಂತರೆ ಇನ್ನೊಂದಿಲ್ಲ. ಅದಕ್ಕೆ ಕೈಮುಗೀತೀನಿ, ಇಷ್ಟು ವರ್ಷ ಎಷ್ಟು ಜೀವ ಎತ್ತಿದೆಯೋ ಏನೋ. ಆದರೆ ಅರವತ್ತು ವರ್ಷದ ಹಿಂದಿನ ವಿನ್ಯಾಸದ ಮೇಲೆ ಇವತ್ತಿನ ಹುಡುಗರನ್ನು ಹತ್ತಿಸೋದು ಹೆಮ್ಮೆಯ ವಿಷಯ ಅಲ್ಲ.

"ನಮ್ಮದೇ ಧ್ರುವ್ ಇದೆಯಲ್ಲ?" ಅಂತೀರಿ. ಇದೆ. ಜರ್ಮನಿಯ ಎಂಬಿಬಿ ಕಂಪನಿಯ ನೆರವಿನಿಂದ ಎಚ್‌ಎಎಲ್ ವಿನ್ಯಾಸ ಮಾಡಿದ್ದು, 1992ರಲ್ಲಿ ಮೊದಲು ಹಾರಿತು. 1998ರಲ್ಲಿ ಅದೇ ವಿರಾಟ್ ಮೇಲೆ ಅದರ ನೌಕಾ ಮಾದರಿಯ ಪರೀಕ್ಷೆಯೂ ನಡೆಯಿತು. ತೊಂದರೆ ಎಲ್ಲಿ ಬಂತು ಅಂದ್ರೆ ಅಳತೆಯಲ್ಲಿ. ಹಡಗಿನ ಹ್ಯಾಂಗರ್ ಇಕ್ಕಟ್ಟಿನ ಕೊಟ್ಟಿಗೆ. ರೆಕ್ಕೆ ಮಡಚಿದಾಗ ಅಗಲ 3.5 ಮೀಟರ್ ಮೀರಬಾರದು ಅಂತ ನೌಕಾಪಡೆಯ ಬೇಡಿಕೆ. ಧ್ರುವ್ ಮಡಚಿದರೂ 5.1 ಮೀಟರ್! ನಮ್ಮ ಕಡೆ ಗಾಡಿ ಮಾಡಿಸುವ ಮೊದಲು ಬಡಗಿ ಬಂದು ಕೊಟ್ಟಿಗೆ ಬಾಗಿಲು ಅಳೆಯುತ್ತಾನೆ. ಇಲ್ಲಿ ಗಾಡಿ ಹಾರಿದ ಮೇಲೆ ಬಾಗಿಲು ಅಳೆದರು. ಹೀಗಾಗಿ ನೌಕಾಪಡೆ ಹೊಸ ಧ್ರುವ್‌ಗಳನ್ನು ದಡದ ನೆಲೆಗಳಿಂದ ಹಾರಿಸಬೇಕಾಯಿತು. ಮಡಚುವ ರೆಕ್ಕೆ, ಮಡಚುವ ಬಾಲದ ಮಾದರಿಗೆ ಎಚ್‌ಎಎಲ್ ಈಗ ಕೈಹಾಕಿದೆ. ಈ ಕೆಲಸ ಮೂವತ್ತು ವರ್ಷದ ಹಿಂದೆ ಆಗಬೇಕಿತ್ತು.

ಗಾಯದ ಮೇಲೆ ಬರೆ ಅಂದ ಹಾಗೆ 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತರು. ದೇಶದ ಧ್ರುವ್‌ಗಳೆಲ್ಲ ನೆಲಕ್ಕಿಳಿದವು. ಭೂಸೇನೆ, ವಾಯುಸೇನೆಯವು ಮತ್ತೆ ಹಾರೋಕೆ ಮೇ ತಿಂಗಳು ಬಂತು. ಸಮುದ್ರದ ಮೇಲಿನವು ಇನ್ನೂ ಕಾಯಬೇಕಾಯಿತು.

ಇದನ್ನೆಲ್ಲ ಹೇಳಿದರೆ ಮೂರು ಥರದ ಉತ್ತರ ಬರುತ್ತೆ. ಒಂದೊಂದಾಗಿ ನೋಡೋಣ.

ಒಂದು: "ಯೂರೋಪಿನವರನ್ನು ಹೊಗಳೋದು ನಿಮ್ಮ ಗುಲಾಮಗಿರಿ." ಇಲ್ಲ ಮಾರಾಯ್ರೇ. ಅವರೂ ಮಣ್ಣು ತಿಂದಿದ್ದಾರೆ. ಫಾಕ್‌ಲ್ಯಾಂಡ್ ಯುದ್ಧದಲ್ಲಿ ಭಾರೀ ಹೆಲಿಕಾಪ್ಟರ್‌ಗಳನ್ನು ಒಂದು ಸರಕು ಹಡಗಿಗೆ ತುಂಬಿ ಕಳಿಸಿದರು. 1982ರ ಮೇ 25ರಂದು ಆ ಅಟ್ಲಾಂಟಿಕ್ ಕನ್ವೇಯರ್‌ಗೆ ಕ್ಷಿಪಣಿ ಬಡಿದು ಮೂರು ಚಿನೂಕ್, ಆರು ವೆಸೆಕ್ಸ್ ಸುಟ್ಟವು. ಆಮೇಲೆ ಅವರ ಸೈನಿಕರು ಬೆನ್ನ ಮೇಲೆ ಮೂಟೆ ಹೊತ್ತು ಕೆಸರಿನಲ್ಲಿ ತೊಂಬತ್ತು ಕಿಲೋಮೀಟರ್ ನಡೆದರು. ಇನ್ನೂ ಹತ್ತಿರದ ಉದಾಹರಣೆ ಬೇಕಾ? ನಾರ್ವೆ. 2001ರಲ್ಲಿ ಎನ್‌ಎಚ್-90 ಅನ್ನೋ ಯೂರೋಪಿನದೇ ಹೆಲಿಕಾಪ್ಟರ್ 14 ಆರ್ಡರ್ ಮಾಡಿದರು. ಇಪ್ಪತ್ತು ವರ್ಷ ಕಾದರೂ ಸರಿಯಾಗಿ ಕೆಲಸ ಮಾಡಲಿಲ್ಲ. 2022ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಬಹಿರಂಗವಾಗಿ, "ನಿಮ್ಮ ಹೆಲಿಕಾಪ್ಟರ್ ವಾಪಸ್ ತಗೊಳ್ಳಿ, ನಮ್ಮ ದುಡ್ಡು ವಾಪಸ್ ಕೊಡಿ" ಅಂದಿತು. ಮರುವರ್ಷ ಆರು ಸೀಹಾಕ್ ಕೊಳ್ಳೋ ತೀರ್ಮಾನ ಮಾಡಿತು. ನಾನು ಹೊಗಳುತ್ತಿರೋದು ಇದನ್ನ. ತಪ್ಪು ಎಲ್ಲರೂ ಮಾಡ್ತಾರೆ. ತಪ್ಪಾಯಿತು ಅಂತ ಜನರ ಮುಂದೆ ಲೆಕ್ಕ ಒಪ್ಪಿಸೋರು ಕಮ್ಮಿ.

ಎರಡು: "ರಕ್ಷಣೆಯ ವಿಷಯ ಪ್ರಶ್ನೆ ಮಾಡಬಾರದು." ಯಾಕೆ ಮಾಡಬಾರದು? ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಅಂತ ಉದ್ಘಾಟನೆಯಾಯಿತು. ಅರ್ಗಾ, ಬಿಣಗಾ, ಚೆಂಡಿಯಾ, ಅಮದಳ್ಳಿ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಮನೆ, ಗದ್ದೆ, ದೋಣಿ ಎಳೆಯೋ ದಡ ಬಿಟ್ಟುಕೊಟ್ಟವು. ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದವು. ನೌಕಾ ವಿಮಾನನೆಲೆಗೆ ಅಂತ ಅಂಕೋಲೆಯ ಅಲಗೇರಿಯಲ್ಲಿ ಮತ್ತೆ ಜಮೀನು ಕೇಳಿದರು. ನಮ್ಮ ಕಡೆಗೆ ಬನ್ನಿ, ಅರಸೀಕೆರೆಯಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ, ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ. 615 ಎಕರೆ. 2016ರ ಜನವರಿಯಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ. ಕಾವಲು ಅಂದ್ರೇನೇ ದನ ಮೇಯೋ ಬಯಲು. ಆ ಬಯಲನ್ನು ಕೊಟ್ಟಿದ್ದೂ ನಮ್ಮ ನಾಡೇ. ಹೀಗೆ ಹಡಗು ನಿಲ್ಲೋ ಜಾಗ ನಮ್ಮದು, ಹೆಲಿಕಾಪ್ಟರ್ ಮಾಡೋ ಜಾಗ ನಮ್ಮದು, ಎರಡರ ನಡುವೆ ನಿಲ್ಲೋ ಹುಡುಗರೂ ನಮ್ಮವರು. ಎರಡೂ ಒಂದಕ್ಕೊಂದು ಯಾಕೆ ಸೇರಲಿಲ್ಲ ಅಂತ ಕೇಳೋ ಹಕ್ಕು ನಮಗಲ್ಲದೆ ಇನ್ಯಾರಿಗಿದೆ?

ಮೂರು: "ಮೊದಲು ವಿಮಾನವಾಹಕ ಬರಲಿ, ಹೆಲಿಕಾಪ್ಟರ್ ಆಮೇಲೆ." ಇದಕ್ಕೆ ನಾನು ಸ್ವಲ್ಪ ಜಾಸ್ತಿ ಸಿಟ್ಟಾಗ್ತೀನಿ. ಸುಮಾರು 20,000 ಕೋಟಿ ಖರ್ಚು ಮಾಡಿ ವಿಕ್ರಾಂತ್ ಕಟ್ಟಿದೆವು, 2022ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಬಂತು. ಕಾರವಾರದಲ್ಲಿ ವಿಕ್ರಮಾದಿತ್ಯ ಇದೆ. ಇವುಗಳ ಸುತ್ತ ಬೇಲಿ ಹಾಗೆ ಫ್ರಿಗೇಟು, ಡೆಸ್ಟ್ರಾಯರ್ ಸಾಗಬೇಕು, ಅವುಗಳಿಂದ ಹೆಲಿಕಾಪ್ಟರ್ ಹಾರಿ ನೀರಿನ ಕೆಳಗೆ ಕಿವಿಗೊಡಬೇಕು. ಬೇಲಿಯೇ ಇಲ್ಲದೆ ಮೂರನೇ ಆನೆ ತಂದು ಕಟ್ಟಿದರೆ ಕಾಯೋರು ಯಾರು? ತೋಟಕ್ಕೆ ಬೇಲಿ ಹಾಕೋದು ಬಿಟ್ಟು ಗೇಟಿಗೆ ಬಣ್ಣ ಹೊಡೆಸಿದ ಹಾಗೆ. ವಿಮಾನವಾಹಕ ಫೋಟೋಗೆ ಚೆನ್ನಾಗಿ ಬರುತ್ತೆ, ಕ್ಯಾಲೆಂಡರಿಗೆ ಹಾಕಬಹುದು. ಹ್ಯಾಂಗರ್ ಒಳಗೆ ರೆಕ್ಕೆ ಮಡಚಿ ನಿಂತ ಹೆಲಿಕಾಪ್ಟರನ್ನು ಯಾರೂ ಕ್ಯಾಲೆಂಡರಿಗೆ ಹಾಕಲ್ಲ.

ನಾನು ಯುದ್ಧಪ್ರಿಯ ಅಲ್ಲ. ಮಿಸ್ತ್ರಾಲ್‌ನಂಥ ಹಡಗು ನನಗೆ ಇಷ್ಟವಾಗೋದು ಅದರೊಳಗಿನ ಆಸ್ಪತ್ರೆಯಿಂದ. 2004ರ ಸುನಾಮಿ ನೆನಪಿದೆಯಲ್ಲ? ರಸ್ತೆ ಇಲ್ಲದ, ಜೆಟ್ಟಿ ಮುರಿದ ದ್ವೀಪಕ್ಕೆ ಔಷಧಿ ಹೋಗಬೇಕಾದರೆ ಹೆಲಿಕಾಪ್ಟರೇ ಗತಿ. 2007ರಲ್ಲಿ ಅಮೆರಿಕದ ಹಳೇ ಹಡಗೊಂದನ್ನು ಕೊಂಡು ಐಎನ್‌ಎಸ್ ಜಲಾಶ್ವ ಅಂತ ಹೆಸರಿಟ್ಟೆವು. 2020ರ ಮೇ ತಿಂಗಳಲ್ಲಿ ಕೊರೋನಾ ಹೊತ್ತಲ್ಲಿ ಮಾಲೆಯಿಂದ 698 ಜನರನ್ನು ಕೊಚ್ಚಿಗೆ ಕರೆತಂದಿದ್ದು ಅದೇ. ಒಂದೇ ಒಂದು ಹಳೇ ಹಡಗಿಂದ ಇಷ್ಟು ಉಪಕಾರವಾಗಿದೆ. ಹೆಲಿಕಾಪ್ಟರ್ ಹೊರುವ ಅಂಥ ನಾಲ್ಕು ಹಡಗನ್ನು 2013ರಲ್ಲಿ ಹೇಳಿದ ಹಾಗೆ ಕಟ್ಟಿಸಿದ್ದರೆ?

ನನಗೆ ಬೇಕಾಗಿರೋದು ದೊಡ್ಡದೇನಲ್ಲ. ಹೊಸ ಯುದ್ಧನೌಕೆ ನೀರಿಗಿಳಿದಾಗ ತೆಂಗಿನಕಾಯಿ ಒಡೆದ ಸುದ್ದಿ ಬರುತ್ತಲ್ಲ, ಅದರ ಜೊತೆ ಒಂದು ಸಾಲು: ಈ ಹಡಗಿನ ಹೆಲಿಕಾಪ್ಟರ್ ಯಾವುದು, ಯಾವಾಗ ಬರುತ್ತೆ. ಗುಬ್ಬಿಯ ಕಾರ್ಖಾನೆಯಲ್ಲಿ ಹಡಗಿಗೆ ಹೊಂದುವ ಮಡಚು ರೆಕ್ಕೆಯ ಯಂತ್ರ ಯಾವ ವರ್ಷ ಹೊರಬರುತ್ತೆ, ತಡವಾದರೆ ಯಾಕೆ ಅಂತ ಸಂಸತ್ತಿನಲ್ಲಿ ನಮ್ಮ ಸಂಸದರಲ್ಲಿ ಒಬ್ಬರಾದರೂ ಎದ್ದುನಿಂತು ಕೇಳಲಿ. 28 ಜನ ಕಳಿಸಿದ್ದೀವಿ ಲೋಕಸಭೆಗೆ. ಒಬ್ಬರು ಸಾಕು.

ಬ್ಲಾಗು ಮಿತ್ರರಲ್ಲೂ ಒಂದು ಬೇಡಿಕೆ. ಟನ್ನು, ಮೀಟರು, ಚೀನಾ ಎಷ್ಟು, ನಾವೆಷ್ಟು ಅಂತ ಮುಂದಿನ ಸಲ ಕುಸ್ತಿಗೆ ಇಳಿದಾಗ, ಹಡಗಿನ ಹಿಂಭಾಗದ ಆ ಚೌಕಟ್ಟು ಜಾಗವನ್ನೂ ಒಮ್ಮೆ ನೋಡಿ. ಅಲ್ಲಿ ಬಿಳಿ ಬಣ್ಣದಲ್ಲಿ ಒಂದು ವೃತ್ತ ಬರೆದಿರುತ್ತಾರೆ. ಅದು ಖಾಲಿ ಇದೆಯಾ, ತುಂಬಿದೆಯಾ ಅಂತ ನೋಡಿ ಬರೀರಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ, ಜಗಳ ಆಡಬೇಕು ಅನ್ನಿಸಿದರೆ ಧಾರಾಳವಾಗಿ ಆಡಿ :)

ಊರಿಂದ ಹೊರಡೋ ದಿನ ದೊಡ್ಡಮ್ಮ ಹುಡುಗನಿಗೆ ಅಂತ ಕೊಬ್ಬರಿ ಮಿಠಾಯಿ ಡಬ್ಬ ಕೊಟ್ಟರು, ಕೊರಿಯರ್ ಮಾಡು ಅಂತ. ಬಸ್ಸು ಬರೋವರೆಗೆ ಕೊಳದ ಕಡೆ ನೋಡುತ್ತಾ ನಿಂತಿದ್ದರು. ಹೆಲಿಕಾಪ್ಟರ್ ಮಾತು ಮತ್ತೆ ಎತ್ತಲಿಲ್ಲ. ಬಸ್ಸು ಹತ್ತುವಾಗ ಮಾತ್ರ, "ನೀನು ಪೇಪರ್‌ನೋರಿಗೆ ಅದೂ ಇದೂ ಬರೀತೀಯಂತೆ. ಇದನ್ನೂ ಒಸಿ ಕೇಳು" ಅಂದರು.

ದೊಡ್ಡಮ್ಮ, ಪೇಪರ್ ಅಲ್ಲ, ಬ್ಲಾಗು. ಆದ್ರೂ ಕೇಳಿದ್ದೀನಿ.